ಹೋಟೆಲ್ ಲೆಕ್ಕಶಾಸ್ತ್ರವನ್ನು ಪ್ರಕರಣಗಳ ಮೂಲಕ ಕಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಸೇರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಡುಗೆಮನೆಯನ್ನೋ, ಅತಿಥಿಗಳನ್ನು ಬರಮಾಡಿಕೊಂಡು ಕೋಣೆ ಕೊಡುವ ಫ್ರಂಟ್ ಆಫೀಸನ್ನೋ ಮನಸ್ಸಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ಲೆಕ್ಕಶಾಸ್ತ್ರದ ಪಿರಿಯಡ್ ಅವರ ಪಾಲಿಗೆ ಪಾಸಾಗಲು ಸಹಿಸಿಕೊಳ್ಳಬೇಕಾದ ಒಂದು ಕಷ್ಟ. ಸೂತ್ರ ಬರೆಸಿ, ಐದು ಲೆಕ್ಕ ಬಿಡಿಸಿ, ಪರೀಕ್ಷೆಯಲ್ಲಿ ಆರನೆಯದನ್ನು ಕೇಳುವ ಪದ್ಧತಿಯಲ್ಲಿ ಅವರು ಪಾಸೂ ಆಗುತ್ತಾರೆ. ಆದರೆ ಅದೇ ವಿದ್ಯಾರ್ಥಿ ನಾಲ್ಕು ವರ್ಷಗಳ ನಂತರ ಒಂದು ರೆಸ್ಟೋರೆಂಟಿನ ಜವಾಬ್ದಾರಿ ಹೊತ್ತಾಗ, ತಿಂಗಳ ಕೊನೆಯಲ್ಲಿ ಕೈಗೆ ಬರುವ ಲೆಕ್ಕಪತ್ರದಲ್ಲಿ ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಪ್ರಶ್ನಿಸಬೇಕು ಎಂಬುದು ತಿಳಿಯದೆ ತಬ್ಬಿಬ್ಬಾಗುತ್ತಾನೆ. ಸೂತ್ರ ಅವನಿಗೆ ನೆನಪಿರುತ್ತದೆ. ಸೂತ್ರದೊಳಗೆ ಹಾಕಬೇಕಾದ ಅಂಕಿ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಅವನಿಗೆ ಯಾರೂ ಕಲಿಸಿರುವುದಿಲ್ಲ.

ಪ್ರಕರಣಾಧಾರಿತ ಕಲಿಕೆ, ಅಂದರೆ ಕಾಲೇಜುಗಳಲ್ಲಿ ನಾವು ಕೇಸ್ ಸ್ಟಡಿ ಎಂದು ಕರೆಯುವ ಪದ್ಧತಿ, ಈ ಕೊರತೆಯನ್ನು ತುಂಬಬಲ್ಲದು. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 1920ರ ದಶಕದಲ್ಲಿ ಈ ಪದ್ಧತಿ ಬೇರೂರಿತು. ಅದಕ್ಕೂ ಮೊದಲೇ, 1870ರ ಸುಮಾರಿಗೆ, ಅದೇ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಕ್ರಿಸ್ಟೋಫರ್ ಲ್ಯಾಂಗ್ಡೆಲ್ ನ್ಯಾಯಾಲಯದ ತೀರ್ಪುಗಳನ್ನೇ ಪಾಠವಾಗಿಸಿದ್ದರು. ಹೋಟೆಲ್ ಉದ್ಯಮಕ್ಕೆ ತನ್ನದೇ ಲೆಕ್ಕದ ಭಾಷೆ ದೊರೆತದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. 1926ರಲ್ಲಿ ನ್ಯೂಯಾರ್ಕ್ ನಗರದ ಹೋಟೆಲ್ ಸಂಘವು ಹೋಟೆಲುಗಳಿಗೆಂದೇ ಏಕರೂಪ ಲೆಕ್ಕಪದ್ಧತಿಯೊಂದನ್ನು ಪ್ರಕಟಿಸಿತು. ಯುಎಸ್‌ಎಎಲ್‌ಐ (ಯೂನಿಫಾರ್ಮ್ ಸಿಸ್ಟಮ್ ಆಫ್ ಅಕೌಂಟ್ಸ್ ಫಾರ್ ದ ಲಾಡ್ಜಿಂಗ್ ಇಂಡಸ್ಟ್ರಿ) ಎಂದು ಇಂದು ಕರೆಯಲಾಗುವ ಆ ಪದ್ಧತಿಯ ಹನ್ನೊಂದನೆಯ ಪರಿಷ್ಕರಣೆ 2014ರಲ್ಲಿ ಹೊರಬಂತು; ಹನ್ನೆರಡನೆಯದು 2026ರ ಜನವರಿಯಿಂದ ಜಾರಿಗೆ ಬಂದಿದೆ. ಕೋಣೆಗಳ ವಿಭಾಗ, ಆಹಾರ ಮತ್ತು ಪಾನೀಯ ವಿಭಾಗ, ಯಾವ ವಿಭಾಗಕ್ಕೂ ಹಂಚದ ಖರ್ಚುಗಳು ಎಂದು ಲಾಭನಷ್ಟವನ್ನು ವಿಂಗಡಿಸುವ ಈ ಚೌಕಟ್ಟು ವಿದ್ಯಾರ್ಥಿಗೆ ಗೊತ್ತಿಲ್ಲದಿದ್ದರೆ, ಮುಂದೆ ವಿವರಿಸುವ ಯಾವ ಪ್ರಕರಣವೂ ಅವನ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಮೊದಲ ನಾಲ್ಕೈದು ಪಿರಿಯಡ್‌ಗಳನ್ನು ಹಳೆಯ ಪದ್ಧತಿಯಲ್ಲೇ, ಕಪ್ಪುಹಲಗೆಯ ಮೇಲೆ, ಈ ಚೌಕಟ್ಟಿಗೆ ಮೀಸಲಿಡುವುದರಲ್ಲಿ ತಪ್ಪೇನಿಲ್ಲ. ಪ್ರಕರಣ ಪದ್ಧತಿಯೆಂದರೆ ಪಾಠವನ್ನೇ ಬಿಟ್ಟುಬಿಡುವುದು ಎಂದು ತಿಳಿದವರಿದ್ದಾರೆ. ನಾನು ಹಾಗೆ ತಿಳಿದಿಲ್ಲ.

ಮೊದಲ ಹಂತ: ತೀರ್ಮಾನವನ್ನು ಹುಡುಕಿ, ಆಮೇಲೆ ಕಥೆ

ನಾನು ಬರೆದ ಮೊದಲ ಪ್ರಕರಣ ಹದಿನಾಲ್ಕು ಪುಟಗಳಿತ್ತು. ಹೋಟೆಲಿನ ಇತಿಹಾಸ, ಮಾಲೀಕರ ಕುಟುಂಬ, ಊರಿನ ಪ್ರವಾಸೋದ್ಯಮ, ಮೂರು ವರ್ಷಗಳ ಲಾಭನಷ್ಟ, ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ ‘ಈ ಹೋಟೆಲಿನ ಆರ್ಥಿಕ ಸ್ಥಿತಿಯನ್ನು ವಿಶ್ಲೇಷಿಸಿ’ ಎಂಬ ಪ್ರಶ್ನೆ ಹಾಕಿದ್ದೆ. ವಿದ್ಯಾರ್ಥಿಗಳು ಎಂಟು ಅನುಪಾತಗಳನ್ನು ಲೆಕ್ಕ ಹಾಕಿ, ‘ಸ್ಥಿತಿ ತೃಪ್ತಿಕರವಾಗಿದೆ’ ಎಂದು ಬರೆದು ಕೊಟ್ಟರು. ಮೂವತ್ತೆಂಟು ಉತ್ತರಗಳಲ್ಲಿ ಮೂವತ್ತೆಂಟೂ ತೃಪ್ತಿಕರ. ತಪ್ಪು ಅವರದಾಗಿರಲಿಲ್ಲ. ನಾನು ಅವರಿಂದ ಯಾವ ತೀರ್ಮಾನವನ್ನೂ ಕೇಳಿರಲಿಲ್ಲ.

ಆದ್ದರಿಂದ ಪ್ರಕರಣ ಬರೆಯಲು ಕೂರುವ ಮುನ್ನ ಒಂದೇ ಒಂದು ವಾಕ್ಯವನ್ನು ಬರೆದುಕೊಳ್ಳಿ: ಯಾರು, ಯಾವ ದಿನದೊಳಗೆ, ಏನನ್ನು ತೀರ್ಮಾನಿಸಬೇಕು? ‘ಮದುವೆಯ ಛತ್ರಕ್ಕೆ ಪಡೆದ ಮುಂಗಡವನ್ನು ಮಾರ್ಚ್ ತಿಂಗಳ ಆದಾಯಕ್ಕೆ ಸೇರಿಸಬೇಕೇ ಬೇಡವೇ ಎಂಬುದನ್ನು ಲೆಕ್ಕಾಧಿಕಾರಿ 31ನೆಯ ತಾರೀಖಿನೊಳಗೆ ತೀರ್ಮಾನಿಸಬೇಕು.’ ‘ಮಳೆಗಾಲದಲ್ಲಿ ಮೂವತ್ತು ಜನರ ಗುಂಪೊಂದು ಕೋಣೆಗೆ 1,100 ರೂಪಾಯಿ ಮಾತ್ರ ಕೊಡುತ್ತೇವೆಂದು ಕೇಳಿದೆ, ಮ್ಯಾನೇಜರು ಸಂಜೆಯೊಳಗೆ ಒಪ್ಪಬೇಕು ಅಥವಾ ಬಿಡಬೇಕು.’ ಮೊದಲನೆಯದು, ಸೇವೆ ಕೊಡುವವರೆಗೆ ಮುಂಗಡವು ಆದಾಯವಲ್ಲ, ಅದು ನಾವು ತೀರಿಸಬೇಕಾದ ಹೊಣೆ ಎಂಬುದನ್ನು ಕಲಿಸುತ್ತದೆ. ಎರಡನೆಯದು, ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚದ ವ್ಯತ್ಯಾಸವನ್ನು ಕಲಿಸುತ್ತದೆ. ಖಾಲಿ ಉಳಿದ ಕೋಣೆಯನ್ನು ನಾಳೆ ಮತ್ತೆ ಮಾರಲು ಬರುವುದಿಲ್ಲ ಎಂಬ, ಹೋಟೆಲಿನವರೆಲ್ಲರ ಬಾಯಲ್ಲಿರುವ ಮಾತಿಗೆ ಅಂಕಿಗಳ ಆಧಾರ ದೊರೆಯುವುದು ಅಲ್ಲಿಯೇ. ತೀರ್ಮಾನ ಸಿಕ್ಕಿತೆಂದರೆ ಕಥೆ ತಾನಾಗಿ ಒಂದೆರಡು ಪುಟಕ್ಕೆ ಇಳಿಯುತ್ತದೆ.

ಎರಡನೆಯ ಹಂತ: ಕಾಗದಗಳನ್ನು ಕೂಡಿಸಿ

ಸಿದ್ಧ ಲಾಭನಷ್ಟ ಪತ್ರವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟರೆ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತೆ. ಅವನಿಗೆ ಬೇಕಾದದ್ದು ಆ ಪತ್ರ ಹುಟ್ಟುವ ಮೊದಲಿನ ಕಾಗದಗಳು: ಗ್ರಾಹಕರ ಆರ್ಡರ್ ಬರೆದು ಅಡುಗೆಮನೆಗೆ ಕಳಿಸಿದ ಕೆಒಟಿ ಚೀಟಿಗಳು, ಉಗ್ರಾಣದಿಂದ ಸಾಮಾನು ಕೇಳುವ ಇಂಡೆಂಟ್ ಚೀಟಿಗಳು, ತರಕಾರಿಯವನ ಕೈಬರಹದ ಬಿಲ್ಲು, ಕ್ಯಾಷಿಯರನ ದಿನದ ವರದಿ, ದಿನದ ಲೆಕ್ಕವನ್ನು ತಾಳೆ ನೋಡುವ ರಾತ್ರಿ ಆಡಿಟರು ಬೆಳಗಿನ ಜಾವ ಮುಗಿಸಿದ ಪಟ್ಟಿ, ತಿಂಗಳ ಕೊನೆಯ ದಾಸ್ತಾನು ಎಣಿಕೆಯ ಹಾಳೆ. ಇವುಗಳಲ್ಲಿ ನಾಲ್ಕೈದು ಸಾಕು. ಎಲ್ಲವನ್ನೂ ಕೊಟ್ಟರೆ ವಿದ್ಯಾರ್ಥಿ ಓದುವುದಿಲ್ಲ, ಒಂದನ್ನೇ ಕೊಟ್ಟರೆ ತಾಳೆ ನೋಡಲು ಏನೂ ಇರುವುದಿಲ್ಲ.

ಕಾಗದಗಳು ನಿಜವಾದ ಹೋಟೆಲಿನಿಂದ ಬಂದಿದ್ದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೈಗಾರಿಕಾ ತರಬೇತಿಗೆ ಹೋದ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದ ದಾಖಲೆಗಳನ್ನು, ಅವು ಎಷ್ಟೇ ಸೊಗಸಾಗಿರಲಿ, ಬಳಸಲೇಬಾರದು. ಒಪ್ಪಿಗೆ ಸಿಕ್ಕ ಮೇಲೆ ಹೆಸರು, ಊರು, ಜಿಎಸ್‌ಟಿ ಸಂಖ್ಯೆ, ಅತಿಥಿಗಳ ವಿವರ ಎಲ್ಲವನ್ನೂ ಅಳಿಸಿ.

ಅಂಕಿಗಳನ್ನು ಮರೆಮಾಡುವಾಗ ಹಲವರು ಎಡವುವ ಜಾಗವೊಂದಿದೆ. ಎಲ್ಲ ರೂಪಾಯಿ ಮೊತ್ತಗಳನ್ನೂ ಒಂದೇ ಸಂಖ್ಯೆಯಿಂದ, ಉದಾಹರಣೆಗೆ 1.3ರಿಂದ, ಗುಣಿಸಿಬಿಟ್ಟರೆ ಅನುಪಾತಗಳು ಕೆಡುವುದಿಲ್ಲ ಎಂಬ ಸಲಹೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅನುಪಾತಗಳು ಕೆಡುವುದಿಲ್ಲ, ನಿಜ; ಆದರೆ ಕಿಲೋಗೆ 620 ರೂಪಾಯಿಯ ತುಪ್ಪ 806 ರೂಪಾಯಿಯಾಗುತ್ತದೆ. ಮನೆಗೆ ಸಾಮಾನು ತರುವ ಅಭ್ಯಾಸವಿರುವ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯೇ ನಿಂತು, ಖರೀದಿಯಲ್ಲಿ ಏನೋ ಗೋಲ್‌ಮಾಲ್ ಇದೆಯೆಂದು ನೀವು ಇಟ್ಟಿರದ ತಪ್ಪನ್ನು ಬೆನ್ನಟ್ಟುತ್ತಾಳೆ. ಅವಳ ತರ್ಕ ಸರಿಯಾಗಿಯೇ ಇರುತ್ತದೆ. ಹಾಗಾಗಿ ದರಗಳನ್ನು ಮುಟ್ಟಬೇಡಿ, ಪ್ರಮಾಣಗಳನ್ನು ಬದಲಿಸಿ: ಐವತ್ತೆರಡು ಕೋಣೆ ಇದ್ದಲ್ಲಿ ನಲವತ್ತು ಮಾಡಿ, ಗ್ರಾಹಕರ ಸಂಖ್ಯೆಯನ್ನೂ ಖರೀದಿಯ ತೂಕವನ್ನೂ ಅದೇ ಪ್ರಮಾಣದಲ್ಲಿ ಇಳಿಸಿ. ಕೆಲಸ ಹೆಚ್ಚು, ಆದರೆ ಬೆಲೆಗಳು ಮಾರುಕಟ್ಟೆಯ ಬೆಲೆಗಳಾಗಿಯೇ ಉಳಿಯುತ್ತವೆ.

ಪ್ರತಿ ಪ್ರಕರಣಕ್ಕೂ ತಿಂಗಳು ಮತ್ತು ವರ್ಷವನ್ನು ತಪ್ಪದೆ ನಮೂದಿಸಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ. 12ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಜಮೆ ಪಡೆಯುವ ಅವಕಾಶವಿಲ್ಲದೆ, ಶೇ. 5ಕ್ಕೆ ಇಳಿಯಿತು. ಅದಕ್ಕಿಂತ ಹಿಂದಿನ ಪ್ರಕರಣವನ್ನು ತಾರೀಖಿಲ್ಲದೆ ಹಂಚಿದರೆ, ಅರ್ಧ ತರಗತಿ ಒಂದು ದರದಲ್ಲೂ ಇನ್ನರ್ಧ ಮತ್ತೊಂದು ದರದಲ್ಲೂ ಲೆಕ್ಕ ಹಾಕಿ ಕೂತಿರುತ್ತದೆ.

ನಿಮಗೆ ಹೋಟೆಲುಗಳ ಪರಿಚಯವಿಲ್ಲದಿದ್ದರೂ ಚಿಂತೆಯಿಲ್ಲ. ಷೇರುಪೇಟೆಯಲ್ಲಿ ನೋಂದಣಿಯಾದ ಇಂಡಿಯನ್ ಹೋಟೆಲ್ಸ್, ಇಐಎಚ್, ಲೆಮನ್ ಟ್ರೀ, ಶ್ಯಾಲೆ ಹೋಟೆಲ್ಸ್ ಮೊದಲಾದ ಕಂಪನಿಗಳ ವಾರ್ಷಿಕ ವರದಿಗಳು ಎಲ್ಲರಿಗೂ ದೊರೆಯುತ್ತವೆ. 2025ರ ಜನವರಿಯಲ್ಲಿ ಐಟಿಸಿಯಿಂದ ಅದರ ಹೋಟೆಲ್ ವ್ಯವಹಾರ ಪ್ರತ್ಯೇಕ ಕಂಪನಿಯಾದದ್ದು ಅಂತಿಮ ವರ್ಷದವರಿಗೆ ಒಳ್ಳೆಯ ವಸ್ತು. ಆದರೆ ಅವೆಲ್ಲ ಮೇಲಿನಿಂದ ನೋಡುವ ನೋಟಗಳು. ಮೊದಲ ಎರಡು ವರ್ಷದವರಿಗೆ ಉಗ್ರಾಣದ ಬಾಗಿಲೇ ಲೇಸು.

ಮೂರನೆಯ ಹಂತ: ಪ್ರಕರಣವನ್ನು ಕಟ್ಟುವುದು

ಇಲ್ಲಿ ಒಂದು ಪ್ರಕರಣವನ್ನು ಪೂರ್ತಿಯಾಗಿ ಬಿಚ್ಚಿ ತೋರಿಸುತ್ತೇನೆ. ಇದು ತರಗತಿಗಾಗಿ ನಾನೇ ಕಟ್ಟಿದ್ದು. ಇದರ ಹೋಟೆಲು ಯಾವ ಊರಿನಲ್ಲೂ ಇಲ್ಲ.

ನಲವತ್ತು ಕೋಣೆಗಳ, ಸಸ್ಯಾಹಾರಿ ರೆಸ್ಟೋರೆಂಟ್ ಇರುವ ಹೋಟೆಲು. ತಿಂಗಳು 2025ರ ನವೆಂಬರ್. ಆಹಾರ ವೆಚ್ಚ, ಅಂದರೆ ಮಾರಾಟದ ಮೊತ್ತದಲ್ಲಿ ಅಡುಗೆ ಸಾಮಾನಿನ ಖರ್ಚಿನ ಪಾಲು, ಶೇ. 34ಕ್ಕಿಂತ ಕೆಳಗಿಳಿದರೆ ಮುಖ್ಯ ಬಾಣಸಿಗರಿಗೆ 15,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಮಾಲೀಕರು ಮಾತು ಕೊಟ್ಟಿದ್ದಾರೆ. ಕೋಣೆಯ ಸರಾಸರಿ ದರ 2,300 ರೂಪಾಯಿ ದಾಟಿದರೆ ಫ್ರಂಟ್ ಆಫೀಸ್ ಮ್ಯಾನೇಜರಿಗೂ ಅಷ್ಟೇ ಮೊತ್ತ. ಲೆಕ್ಕದ ವಿಭಾಗದವರು ಆಹಾರ ವೆಚ್ಚ ಶೇ. 38.8 ಎಂದು ತೋರಿಸಿದ್ದಾರೆ. ಬಾಣಸಿಗರು ಕೋಪಗೊಂಡು ಮಾಲೀಕರ ಕೋಣೆಗೇ ಹೋಗಿ, ‘ಯಜಮಾನ್ರೆ, ನನ್ನ ಅಡುಗೆಮನೇಲಿ ಇಷ್ಟು ಖರ್ಚಾಗಿಲ್ಲ. ಆಗಿದ್ರೆ ನಾನೇ ಕೆಲಸ ಬಿಡ್ತೀನಿ’ ಎಂದಿದ್ದಾರೆ. ವಿದ್ಯಾರ್ಥಿ ಅಲ್ಲಿ ಹೊಸದಾಗಿ ಸೇರಿದ ಲೆಕ್ಕ ಸಹಾಯಕ. ಡಿಸೆಂಬರ್ 5ರೊಳಗೆ ಮಾಲೀಕರಿಗೆ ಒಂದು ಪುಟದ ಟಿಪ್ಪಣಿ ಬರೆದು, ಯಾರಿಗೆ ಹಣ ಕೊಡಬೇಕು ಎಂದು ಹೇಳಬೇಕು.

ಕೊಟ್ಟಿರುವ ಕಾಗದಗಳು ಐದು. ರೆಸ್ಟೋರೆಂಟಿನ ಬಿಲ್ಲುಗಳ ಒಟ್ಟು ಮೊತ್ತ 26,77,500 ರೂಪಾಯಿ. ತಿಂಗಳ ಆರಂಭದ ದಾಸ್ತಾನು 2,40,000, ಖರೀದಿ 9,60,000, ತಿಂಗಳ ಕೊನೆಯ ದಾಸ್ತಾನು 2,10,000 ರೂಪಾಯಿ. ಸಿಬ್ಬಂದಿ ಊಟದ ಪುಸ್ತಕದ ಪ್ರಕಾರ 72,000, ಮಾಲೀಕರ ಅತಿಥಿಗಳ ಊಟಕ್ಕೆ 24,000 ರೂಪಾಯಿ. ಕೋಣೆಗಳ ವರದಿಯಲ್ಲಿ 744 ಕೋಣೆ-ರಾತ್ರಿಗಳು (ಒಂದು ಕೋಣೆ ಒಂದು ರಾತ್ರಿಗೆ ಹೋದರೆ ಒಂದು), ಆದಾಯ 17,85,600 ರೂಪಾಯಿ. ದರದಲ್ಲಿ ಬೆಳಗಿನ ತಿಂಡಿಯೂ ಸೇರಿದೆ, ತಿಂಡಿ ತಿಂದವರು 1,190 ಮಂದಿ. ಕೊನೆಯದು ದಾಸ್ತಾನು ಎಣಿಕೆಯ ಎರಡು ಪುಟಗಳ ಹಾಳೆ, ಅರವತ್ತು ಸಾಲು.

ಈ ಪ್ರಕರಣದೊಳಗೆ ನಾಲ್ಕು ಮೆಟ್ಟಿಲುಗಳಿವೆ. ಮೊದಲನೆಯದು ತೆರಿಗೆ. ಬಿಲ್ಲಿನ ಒಟ್ಟು ಮೊತ್ತದಲ್ಲಿ ಶೇ. 5 ಜಿಎಸ್‌ಟಿ ಅಡಗಿದೆ. ಅದನ್ನು ತೆಗೆದರೆ ಮಾರಾಟ 25,50,000 ರೂಪಾಯಿ. ಅದನ್ನು ತೆಗೆಯದವನಿಗೆ ವೆಚ್ಚ ಶೇ. 37 ಎಂದು ಬರುತ್ತದೆ, ಸರ್ಕಾರದ ಹಣವನ್ನು ಹೋಟೆಲಿನ ಆದಾಯ ಎಂದು ಎಣಿಸಿದ ತಪ್ಪು ಅದು. ಖರೀದಿಯ ಕಡೆ ಮಾತ್ರ ತೆರಿಗೆಯನ್ನು ಕಳೆಯುವಂತಿಲ್ಲ, ಏಕೆಂದರೆ ಶೇ. 5ರ ದರದಲ್ಲಿರುವ ರೆಸ್ಟೋರೆಂಟಿಗೆ ಆ ತೆರಿಗೆ ಜಮೆಯಾಗಿ ಮರಳಿ ಬರುವುದಿಲ್ಲ; ಅದೂ ಸಾಮಾನಿನ ಬೆಲೆಯ ಭಾಗವೇ. ಒಂದೇ ತೆರಿಗೆಯನ್ನು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಇಟ್ಟುಕೊಳ್ಳುವುದೇಕೆ ಎಂದು ವಿದ್ಯಾರ್ಥಿಯ ಬಾಯಿಂದಲೇ ಹೇಳಿಸಿದರೆ ಆ ಪಾಠ ಮತ್ತೆ ಮರೆಯುವುದಿಲ್ಲ.

ಎರಡನೆಯ ಮೆಟ್ಟಿಲು, ಬಳಕೆ ಮತ್ತು ವೆಚ್ಚದ ವ್ಯತ್ಯಾಸ. ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ ಕೊನೆಯ ದಾಸ್ತಾನು ಕಳೆದರೆ 9,90,000 ರೂಪಾಯಿಯ ಸಾಮಾನು ಉಗ್ರಾಣದಿಂದ ಹೊರಹೋಗಿದೆ; ಲೆಕ್ಕದವರ ಶೇ. 38.8 ಇಲ್ಲಿಂದಲೇ ಬಂದದ್ದು. ಆದರೆ ಹೊರಹೋದದ್ದೆಲ್ಲವೂ ಗ್ರಾಹಕರ ತಟ್ಟೆಗೆ ಹೋಗಿಲ್ಲ. ಸಿಬ್ಬಂದಿಯ ಊಟ, ಮಾಲೀಕರ ಅತಿಥಿಗಳ ಊಟ ಸೇರಿ 96,000 ರೂಪಾಯಿಯನ್ನು ಬೇರೆ ಖಾತೆಗಳಿಗೆ ಒಯ್ದರೆ ಉಳಿಯುವುದು 8,94,000, ಅಂದರೆ ಶೇ. 35.1. ಬಾಣಸಿಗರ ಕೋಪಕ್ಕೆ ಸ್ವಲ್ಪ ಕಾರಣ ಸಿಕ್ಕಿತು, ಹಣ ಇನ್ನೂ ಸಿಗಲಿಲ್ಲ.

ಮೂರನೆಯ ಮೆಟ್ಟಿಲು ಬೆಳಗಿನ ತಿಂಡಿ. ತಿಂಡಿಯ ಇಡ್ಲಿ, ಉಪ್ಪಿಟ್ಟು, ಕಾಫಿಯ ಖರ್ಚು ಅಡುಗೆಮನೆಯ ಮೇಲೆ ಬಿದ್ದಿದೆ, ಆದಾಯವೆಲ್ಲ ಕೋಣೆಗಳ ಖಾತೆಗೆ ಹೋಗಿದೆ. ಪ್ಯಾಕೇಜಿನ ದರವನ್ನು ಅದರೊಳಗಿನ ಸೇವೆಗಳ ಮಾರುಕಟ್ಟೆ ಬೆಲೆಯ ಪ್ರಮಾಣದಲ್ಲಿ ವಿಭಾಗಗಳಿಗೆ ಹಂಚಬೇಕೆಂಬುದು ಏಕರೂಪ ಪದ್ಧತಿಯ ನಿಯಮ. ತರಗತಿಗಾಗಿ ಅದನ್ನು ಸರಳಗೊಳಿಸಿ, ತಲೆಗೆ 120 ರೂಪಾಯಿ ಎಂದು ನಾನು ಕೊಟ್ಟಿದ್ದೇನೆ. 1,190 ಮಂದಿಗೆ 1,42,800 ರೂಪಾಯಿ ಆಹಾರ ವಿಭಾಗಕ್ಕೆ ಬಂದರೆ ವೆಚ್ಚ ಶೇ. 33.2ಕ್ಕೆ ಇಳಿದು ಬಾಣಸಿಗರು ಗೆಲ್ಲುತ್ತಾರೆ. ಆದರೆ ಅದೇ ಹಣ ಕೋಣೆಗಳ ಖಾತೆಯಿಂದ ಹೊರಟಿತಲ್ಲ? 2,400 ರೂಪಾಯಿ ಇದ್ದ ಸರಾಸರಿ ದರ 2,208ಕ್ಕೆ ಕುಸಿದು, ಫ್ರಂಟ್ ಆಫೀಸ್ ಮ್ಯಾನೇಜರ ಪ್ರೋತ್ಸಾಹಧನ ಕೈತಪ್ಪುತ್ತದೆ. ಮಾರಾಟಕ್ಕಿದ್ದ 1,200 ಕೋಣೆ-ರಾತ್ರಿಗಳಿಗೆ ಹಂಚಿದ ಆದಾಯ, ಅಂದರೆ ರೆವ್‌ಪಾರ್, 1,488ರಿಂದ 1,369ಕ್ಕೆ ಬರುತ್ತದೆ. ಹೋಟೆಲಿಗೆ ಬಂದ ಒಟ್ಟು ಹಣದಲ್ಲಿ ಒಂದು ಪೈಸೆಯೂ ಬದಲಾಗಿಲ್ಲ. ಯಾರು ಸಮರ್ಥರು ಎಂಬ ತೀರ್ಪು ಮಾತ್ರ ತಿರುಗಿತು.

ನಾಲ್ಕನೆಯ ಮೆಟ್ಟಿಲು ದಾಸ್ತಾನು ಹಾಳೆಯ ಎರಡನೆಯ ಪುಟದ ಕೆಳಭಾಗದಲ್ಲಿದೆ. ಅಲ್ಲಿ ‘ತುಪ್ಪ, 15 ಕಿಲೋ ಡಬ್ಬ — ಸಂಖ್ಯೆ 4 — ದರ 620 — ಮೊತ್ತ 2,480’ ಎಂದಿದೆ. 620 ಎಂಬುದು ಕಿಲೋದ ದರ, 4 ಎಂಬುದು ಡಬ್ಬದ ಸಂಖ್ಯೆ. ಬರಬೇಕಾದ ಮೊತ್ತ 37,200 ರೂಪಾಯಿ. ಕೊನೆಯ ದಾಸ್ತಾನು 34,720 ರೂಪಾಯಿಯಷ್ಟು ಕಡಿಮೆ ತೋರಿಸಿದ್ದರಿಂದ ಬಳಕೆ ಅಷ್ಟೇ ಹೆಚ್ಚಾಗಿ ಕಂಡಿದೆ. ಇದನ್ನು ತಿದ್ದಿದರೆ ಆಹಾರ ವೆಚ್ಚ 8,59,280 ರೂಪಾಯಿ. ತಿಂಡಿಯ ವಿಚಾರಕ್ಕೆ ಕೈಯೇ ಹಾಕದೆ ಶೇ. 33.7. ಫ್ರಂಟ್ ಆಫೀಸಿನವರ ದರಕ್ಕೆ ಧಕ್ಕೆಯಾಗದೆ ಬಾಣಸಿಗರಿಗೆ ಹಣ ಸಿಗುತ್ತದೆ. ತಿಂಡಿಯನ್ನೂ ಹಂಚಿದರೆ ಶೇ. 31.9.

ಈ ತಪ್ಪನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆದವರಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ನವೆಂಬರಿನ ಕೊನೆಯ ದಾಸ್ತಾನೇ ಡಿಸೆಂಬರಿನ ಆರಂಭದ ದಾಸ್ತಾನು. ಡಿಸೆಂಬರಿನ ಎಣಿಕೆ ಸರಿಯಾಗಿದ್ದರೆ ಆ ತಿಂಗಳ ವೆಚ್ಚ 34,720 ರೂಪಾಯಿ ಕಡಿಮೆ ಕಾಣುತ್ತದೆ. ಎರಡು ತಿಂಗಳು ಕೂಡಿದರೆ ತಪ್ಪು ತಾನೇ ಮಾಯವಾಗುತ್ತದೆ. ವರ್ಷಾಂತ್ಯದ ಆಡಿಟಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಣಸಿಗರಿಗೆ ಮಾತ್ರ ನವೆಂಬರಿನ ಹಣ ಕೈತಪ್ಪಿರುತ್ತದೆ, ಡಿಸೆಂಬರಿನಲ್ಲಿ ಅರ್ಹತೆಯಿಲ್ಲದೆ ಬಂದಿರಲೂಬಹುದು.

ನಾಲ್ಕನೆಯ ಹಂತ: ಬೋಧಕರ ಟಿಪ್ಪಣಿ

ಮೇಲೆ ಬರೆದ ನಾಲ್ಕು ಮೆಟ್ಟಿಲುಗಳ ಪೂರ್ತಿ ಲೆಕ್ಕವನ್ನು ಪ್ರಕರಣ ಹಂಚುವ ಮೊದಲೇ ನೀವು ಕೈಯಾರೆ ಮಾಡಿ ಇಟ್ಟುಕೊಂಡಿರಬೇಕು. ವಿದ್ಯಾರ್ಥಿಗಳು ಹಾದುಹೋಗಬಹುದಾದ ತಪ್ಪುದಾರಿಗಳ ಉತ್ತರಗಳೂ ಅದರಲ್ಲಿರಲಿ. ತರಗತಿಯಲ್ಲಿ ಯಾರಾದರೂ ‘ಶೇ. 37’ ಎಂದ ಕೂಡಲೇ ಅವರು ಜಿಎಸ್‌ಟಿಯನ್ನು ಕಳೆದಿಲ್ಲ ಎಂಬುದು ನಿಮಗೆ ಹೊಳೆಯಬೇಕು. ಸಾಧ್ಯವಾದರೆ ಸಹೋದ್ಯೋಗಿಯೊಬ್ಬರಿಗೆ ಪ್ರಕರಣವನ್ನು ಕೊಟ್ಟು ಬಿಡಿಸಲು ಹೇಳಿ. ನೀವು ಅರಿಯದೆ ಬಿಟ್ಟ ತಪ್ಪುಗಳು ಅಲ್ಲಿ ಸಿಗುತ್ತವೆ. ಬೇಕೆಂದು ಇಟ್ಟ ತಪ್ಪು ಒಂದಿದ್ದು, ಬೇಡದೆ ನುಸುಳಿದ್ದು ಎರಡಿದ್ದರೆ ತರಗತಿ ಕೈಮೀರುತ್ತದೆ.

ಐದನೆಯ ಹಂತ: ತರಗತಿಗೆ ಮುನ್ನ

ಪ್ರಕರಣವನ್ನು ಮೂರು ದಿನ ಮೊದಲೇ ಹಂಚಿ. ಪ್ರತಿಯೊಬ್ಬರೂ ಅರ್ಧ ಪುಟ ಬರೆದು ತರಬೇಕು: ನನ್ನ ತೀರ್ಮಾನ ಇದು, ನಾನು ನಂಬಿದ ಅಂಕಿ ಇದು, ನನಗೆ ಅನುಮಾನವಿರುವ ಅಂಕಿ ಇದು. ಮೂರನೆಯ ಸಾಲೇ ಮುಖ್ಯ. ಅನುಮಾನಿಸಲು ಹೇಳದಿದ್ದರೆ, ಅಚ್ಚಾದ ಅಂಕಿಗಳನ್ನು ನಮ್ಮ ಮಕ್ಕಳು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಪಠ್ಯ ಇಂಗ್ಲಿಷಿನಲ್ಲಿದ್ದರೂ ಚರ್ಚೆಯನ್ನು ಕನ್ನಡದಲ್ಲಿ ನಡೆಸಲು ಅಳುಕಬೇಡಿ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಉಗ್ರಾಣ, ಎಣಿಕೆ, ತಾಳೆ, ಸೋರಿಕೆ ಎಂಬ ಮಾತುಗಳಲ್ಲಿ ಯೋಚನೆ ಸಲೀಸಾಗಿ ಹರಿಯುತ್ತದೆ; ಪಾರಿಭಾಷಿಕ ಪದಗಳನ್ನು ಆಮೇಲೆ ಅದರ ಮೇಲೆ ಜೋಡಿಸಬಹುದು. ತಂದೆ ಸಣ್ಣ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಹುಡುಗನೊಬ್ಬ ಇಂಗ್ಲಿಷಿನ ಪಿರಿಯಡ್ಡಿನಲ್ಲಿ ಬಾಯಿ ಬಿಡದೆ, ಕನ್ನಡದಲ್ಲಿ ಚರ್ಚೆ ನಡೆದ ದಿನ ಇಡೀ ತರಗತಿಗೆ ಪಾಠ ಮಾಡಿದ್ದನ್ನು ನಾನು ಕಂಡಿದ್ದೇನೆ.

ಆರನೆಯ ಹಂತ: ತರಗತಿಯನ್ನು ನಡೆಸುವುದು

ಐವತ್ತು ನಿಮಿಷದ ಎರಡು ಪಿರಿಯಡ್‌ಗಳನ್ನು ಒಟ್ಟಿಗೆ ಪಡೆಯಿರಿ. ಒಂದೇ ಪಿರಿಯಡ್‌ನಲ್ಲಿ ಮುಗಿಸಲು ಹೋದರೆ, ಚರ್ಚೆ ಬಿಸಿಯೇರಿದಾಗಲೇ ಗಂಟೆ ಬಾರಿಸುತ್ತದೆ.

ಮೊದಲ ಹತ್ತು ನಿಮಿಷ ನಾಲ್ಕೈದು ಜನರ ಗುಂಪುಗಳಲ್ಲಿ ತಂತಮ್ಮ ಅರ್ಧ ಪುಟಗಳನ್ನು ಹೋಲಿಸಿಕೊಳ್ಳಲಿ. ಅನಂತರ ಒಬ್ಬರನ್ನು ಎಬ್ಬಿಸಿ, ‘ಹಣ ಕೊಡುತ್ತೀರೋ ಇಲ್ಲವೋ?’ ಎಂದು ನೇರವಾಗಿ ಕೇಳಿ. ‘ಆಹಾರ ವೆಚ್ಚ ಎಂದರೇನು?’ ಎಂದು ಆರಂಭಿಸಿದರೆ ಅದು ಮತ್ತೆ ಹಳೆಯ ಪಾಠವೇ. ತೀರ್ಮಾನ ಹೇಳಿದವರಿಂದ ಕಾರಣ, ಕಾರಣದಿಂದ ಅಂಕಿ, ಅಂಕಿಯಿಂದ ಕಾಗದ, ಹೀಗೆ ಹಿಮ್ಮುಖವಾಗಿ ಇಳಿಯುತ್ತ ಹೋಗಿ. ಹಲಗೆಯನ್ನು ಮೂರು ಪಾಲು ಮಾಡಿ: ಎಡಕ್ಕೆ ಬೇರೆಬೇರೆ ಗುಂಪುಗಳ ಶೇಕಡಾವಾರು ಉತ್ತರಗಳು, ನಡುವೆ ಲೆಕ್ಕ, ಬಲಕ್ಕೆ ‘ಇನ್ನೂ ಗೊತ್ತಿಲ್ಲದ್ದು’. ಎಡಪಾಲಿನಲ್ಲಿ 38.8, 37, 35.1, 33.2 ಎಂದು ನಾಲ್ಕು ಅಂಕಿಗಳು ಒಂದರ ಕೆಳಗೊಂದು ನಿಂತಾಗ, ಒಂದೇ ಅಡುಗೆಮನೆಗೆ ನಾಲ್ಕು ವೆಚ್ಚ ಹೇಗೆ ಬಂತು ಎಂಬ ಪ್ರಶ್ನೆಯನ್ನು ನೀವು ಕೇಳಬೇಕಾಗಿಲ್ಲ, ಅವರೇ ಕೇಳುತ್ತಾರೆ.

ಬೋಧಕರು ಇಲ್ಲಿ ಮಾಡಬೇಕಾದ ಅತಿ ಕಷ್ಟದ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ತಿಂಡಿಯ ಹಂಚಿಕೆಯ ಬಗ್ಗೆ ಒಮ್ಮೆ ಅರ್ಧ ಗಂಟೆ ಜಗಳವೇ ನಡೆಯಿತು. ಒಂದು ಕಡೆ ಅಡುಗೆಮನೆಯವರು, ಇನ್ನೊಂದು ಕಡೆ ಫ್ರಂಟ್ ಆಫೀಸಿನವರು. ತುಪ್ಪದ ಸಾಲನ್ನು ಯಾರೂ ನೋಡಿರಲಿಲ್ಲ. ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ, ‘ಸರ್, ಹದಿನೈದು ಕಿಲೋ ತುಪ್ಪದ ಡಬ್ಬ ಆರುನೂರ ಇಪ್ಪತ್ತು ರೂಪಾಯಿಗೆ ಎಲ್ಲಿ ಸಿಗುತ್ತೆ?’ ಎಂದಳು. ಒಂದು ಕ್ಷಣ ಮೌನ, ಆಮೇಲೆ ಕಾಗದ ತಿರುವುವ ಸದ್ದು. ನಾನು ಹೇಳಿದ್ದರೆ ಅದು ಒಂದು ಉತ್ತರವಾಗುತ್ತಿತ್ತು, ಅಷ್ಟೆ.

ತಪ್ಪು ಸಿಕ್ಕ ಕೂಡಲೇ ಯಾರಾದರೊಬ್ಬರು ‘ಸ್ಟೋರ್ ಕೀಪರ್ ಕದ್ದಿದ್ದಾನೆ’ ಎನ್ನುವುದು ಖಂಡಿತ. ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸಿ. ತುಪ್ಪ ಉಗ್ರಾಣದಲ್ಲೇ ಇದೆ, ನಾಲ್ಕು ಡಬ್ಬಗಳೂ ಎಣಿಕೆಯಲ್ಲಿವೆ. ತಪ್ಪಿರುವುದು ದರದ ಕಾಲಮ್ಮಿನಲ್ಲಿ. ಎಣಿಸಿದವರೇ ದರವನ್ನೂ ಬರೆಯುವ, ಇನ್ನೊಬ್ಬರು ತಾಳೆ ನೋಡದ ವ್ಯವಸ್ಥೆಯಲ್ಲಿ ಇದು ಆಗಿಯೇ ತೀರುತ್ತದೆ. ಲೆಕ್ಕಶಾಸ್ತ್ರ ಕಲಿತವನು ಮೊದಲು ವ್ಯವಸ್ಥೆಯನ್ನು ನೋಡಬೇಕು, ಮನುಷ್ಯನನ್ನು ಆಮೇಲೆ.

ಕೊನೆಯ ಇಪ್ಪತ್ತು ನಿಮಿಷವನ್ನು ಅದಕ್ಕಿಂತ ದೊಡ್ಡ ಪ್ರಶ್ನೆಗೆ ಇಟ್ಟುಕೊಳ್ಳಿ: ಬಾಣಸಿಗರ ಪ್ರೋತ್ಸಾಹಧನವನ್ನು ಶೇಕಡಾವಾರು ವೆಚ್ಚಕ್ಕೆ ಕಟ್ಟಿಹಾಕಿದ್ದೇ ಸರಿಯೇ? 70 ರೂಪಾಯಿಯ ಮಸಾಲೆ ದೋಸೆಗೆ 20 ರೂಪಾಯಿ ಸಾಮಾನು ಎಂದಿಟ್ಟುಕೊಳ್ಳಿ, ವೆಚ್ಚ ಶೇ. 29ರ ಆಸುಪಾಸು, ಉಳಿಯುವುದು 50 ರೂಪಾಯಿ. 240 ರೂಪಾಯಿಯ ಪನೀರ್ ಪದಾರ್ಥಕ್ಕೆ 96 ರೂಪಾಯಿ ಸಾಮಾನು, ವೆಚ್ಚ ಶೇ. 40, ಉಳಿಯುವುದು 144 ರೂಪಾಯಿ. ಶೇಕಡಾವಾರನ್ನೇ ನೋಡುವ ಬಾಣಸಿಗ ಪನೀರನ್ನು ಮೆನುವಿನಿಂದ ತೆಗೆಸುತ್ತಾನೆ, ಹೋಟೆಲು ಬಡವಾಗುತ್ತದೆ. 1982ರಲ್ಲಿ ಮೈಕೆಲ್ ಕಸವಾನಾ ಮತ್ತು ಡೊನಾಲ್ಡ್ ಸ್ಮಿತ್ ಮುಂದಿಟ್ಟ ಮೆನು ಎಂಜಿನಿಯರಿಂಗ್, ಪ್ರತಿ ಪದಾರ್ಥವನ್ನೂ ಅದರ ಜನಪ್ರಿಯತೆ ಮತ್ತು ಅದು ತರುವ ರೂಪಾಯಿ, ಈ ಎರಡರಿಂದ ಅಳೆಯುತ್ತದೆ. ಅದರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಸಮಯ ಉಳಿದರೆ ನಮ್ಮ ಊರಿನದೇ ಒಂದು ಚರಿತ್ರೆಯನ್ನು ಮುಂದಿಡಬಹುದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ತೀರಾ ಕೆಳಮಟ್ಟಕ್ಕೆ ಕಟ್ಟಿಹಾಕಿದಾಗ, ಗುಣಮಟ್ಟ ಬಿಡಲೊಪ್ಪದ ಬೆಂಗಳೂರಿನ ಎಂಟಿಆರ್ ಸಿದ್ಧ ಮಿಶ್ರಣಗಳ ವ್ಯಾಪಾರದತ್ತ ಹೊರಳಿತು. ಮಾರಾಟದ ಬೆಲೆ ನಮ್ಮ ಕೈಯಲ್ಲಿಲ್ಲ, ಪಾಕದ ವೆಚ್ಚ ಇಳಿಸಲು ಮನಸ್ಸಿಲ್ಲ. ಆಗ ಲೆಕ್ಕಾಧಿಕಾರಿ ಯಾವ ಅಂಕಿಗಳನ್ನು ಮಾಲೀಕರ ಮುಂದಿಡಬೇಕು? ಎಂಟಿಆರ್ ಉಪ್ಪಿಟ್ಟಿನ ಪೊಟ್ಟಣ ಗೊತ್ತಿರುವ ಮಕ್ಕಳಿಗೆ ಈ ಪ್ರಶ್ನೆ ಬೇಗ ಹತ್ತುತ್ತದೆ.

ಏಳನೆಯ ಹಂತ: ಅಂಕ ಕೊಡುವುದು

ಸರಿಯುತ್ತರಕ್ಕೆ ಮಾತ್ರ ಅಂಕ ಕೊಟ್ಟರೆ ಮುಂದಿನ ಪ್ರಕರಣಕ್ಕೆ ಎಲ್ಲರೂ ಪಕ್ಕದವರ ಉತ್ತರವನ್ನೇ ತರುತ್ತಾರೆ. ನಾನು ಇಪ್ಪತ್ತು ಅಂಕಗಳನ್ನು ಹೀಗೆ ಹಂಚುತ್ತೇನೆ: ಲೆಕ್ಕಕ್ಕೆ ಆರು, ಅಂಕಿಯನ್ನು ಮೂಲ ಕಾಗದಕ್ಕೆ ಜೋಡಿಸಿ ತೋರಿಸಿದ್ದಕ್ಕೆ ಆರು, ತೀರ್ಮಾನ ಮತ್ತು ಅದರ ಕಾರಣಕ್ಕೆ ಐದು, ಮಾಲೀಕರಿಗೆ ಅರ್ಥವಾಗುವಂತೆ ಬರೆದಿದ್ದಕ್ಕೆ ಮೂರು. ತಿಂಡಿಯ ಹಂಚಿಕೆಯ ಪರವಾಗಿ ಬರೆದವರಿಗೂ ವಿರುದ್ಧ ಬರೆದವರಿಗೂ, ಕಾರಣ ಗಟ್ಟಿಯಾಗಿದ್ದರೆ, ಸಮಾನ ಅಂಕ. ತುಪ್ಪದ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯಗಳಿಲ್ಲ. ಅಭಿಪ್ರಾಯಕ್ಕೆ ಜಾಗವಿರುವ ಅಂಕಿ ಯಾವುದು, ಇಲ್ಲದ ಅಂಕಿ ಯಾವುದು ಎಂಬುದನ್ನು ಗುರುತಿಸುವುದೂ ಕಲಿಕೆಯ ಭಾಗ.

ವಿಶ್ವವಿದ್ಯಾಲಯದ ಪರೀಕ್ಷೆ ಹಳೆಯ ಮಾದರಿಯಲ್ಲೇ ಇರುವುದರಿಂದ, ಪ್ರತಿ ಪ್ರಕರಣದ ನಂತರದ ಪಿರಿಯಡ್‌ನಲ್ಲಿ ಅದೇ ವಿಷಯದ ಎರಡು ಪರೀಕ್ಷಾ ಲೆಕ್ಕಗಳನ್ನು ಬಿಡಿಸಿಬಿಡಿ. ಒಂದು ಸೆಮಿಸ್ಟರಿಗೆ ನಾಲ್ಕು ಪ್ರಕರಣ ಸಾಕು. ಆರು ಮಾಡಲು ಹೋದ ವರ್ಷ ನನಗೂ ಓದಲಾಗಲಿಲ್ಲ, ಅವರಿಗೂ ಬರೆಯಲಾಗಲಿಲ್ಲ.

ಎಂಟನೆಯ ಹಂತ: ಪ್ರಕರಣವನ್ನು ನವೀಕರಿಸುವುದು

ತರಗತಿ ಮುಗಿದ ದಿನವೇ ಎಲ್ಲಿ ಚರ್ಚೆ ನಿಂತಿತು, ಯಾವ ಕಾಗದವನ್ನು ಯಾರೂ ಮುಟ್ಟಲಿಲ್ಲ, ಯಾವ ವಾಕ್ಯ ಗೊಂದಲವೆಬ್ಬಿಸಿತು ಎಂದು ಹತ್ತು ಸಾಲು ಬರೆದಿಡಿ. ಒಂದು ವಾರ ಬಿಟ್ಟರೆ ನೆನಪಿರುವುದಿಲ್ಲ. ತೆರಿಗೆಯ ದರ, ಸಾಮಾನಿನ ಬೆಲೆ, ಕೋಣೆಯ ದರಗಳನ್ನು ವರ್ಷಕ್ಕೊಮ್ಮೆ ತಿದ್ದಿ. ಸೀನಿಯರುಗಳ ವಾಟ್ಸ್ಆ್ಯಪ್ ಗುಂಪಿನಿಂದ ಜೂನಿಯರುಗಳಿಗೆ ಉತ್ತರ ಹರಿದುಬರುವುದು ಎಲ್ಲ ಕಾಲೇಜುಗಳಲ್ಲೂ ಇದ್ದದ್ದೇ. ಕಳೆದ ಸಲ ಪ್ರಕರಣ ಹಂಚಿದ ಮರುಕ್ಷಣವೇ ಮೂವರು ನೇರವಾಗಿ ಎರಡನೆಯ ಪುಟದ ಕೆಳಭಾಗಕ್ಕೆ ತಿರುವಿ, ತುಪ್ಪದ ಸಾಲಿನ ಮೇಲೆ ಬೆರಳಿಟ್ಟರು. ಈಗಿನ ಪ್ರತಿಯಲ್ಲಿ ತುಪ್ಪದ ದರ ಸರಿಯಾಗಿಯೇ ಇದೆ. ತಪ್ಪು ಅರವತ್ತು ಸಾಲುಗಳಲ್ಲಿ ಬೇರೆಲ್ಲಿಯೋ ಕೂತಿದೆ.